ಬರೆಯುತ್ತಲೇ ಇರುವ ಹುಡುಗಿ

ಪರೀಕ್ಷೆಗಳು ಹತ್ತಿರವಾಗುತ್ತಿದ್ದಂತೆ ನಗರದ ಮನೆಗಳಲ್ಲಿ ರಾತ್ರಿ ಹತ್ತರ ಮೇಲೆ ಒಂದು ವಿಚಿತ್ರವಾದ ನೋಟ ಕಾಣಸಿಗುತ್ತದೆ. ಊಟ ಮುಗಿದಿದೆ, ಯಜಮಾನರು ಹೊರಬಾಗಿಲಿನ ಚಿಲಕ ಹಾಕಿ ಮಲಗುವ ಸನ್ನಾಹದಲ್ಲಿದ್ದಾರೆ, ಒಳಗಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅಲ್ಲಿ ಮೇಜಿನ ಮುಂದೆ ಮಗಳು ಕಿವಿಗಳಿಗೆ ಹೆಡ್‌ಫೋನ್ ಏರಿಸಿಕೊಂಡು ಬರೆಯುತ್ತ ಕುಳಿತಿದ್ದಾಳೆ. ಅವಳೆದುರಿನ ಲ್ಯಾಪ್‌ಟಾಪಿನ ಪರದೆಯ ಮೇಲೂ ಒಬ್ಬ ಹುಡುಗಿ. ಅವಳೂ ಕಿವಿಗಳಿಗೆ ಹೆಡ್‌ಫೋನ್ ಏರಿಸಿಕೊಂಡಿದ್ದಾಳೆ, ಅವಳೂ ಬರೆಯುತ್ತಿದ್ದಾಳೆ. ಅವಳ ಪಕ್ಕದ ಕಿಟಕಿಯ ಮೇಲೆ ಬೆಕ್ಕೊಂದು ಬಾಲ ಆಡಿಸುತ್ತ ಹೊರಗಿನ ಊರನ್ನು ನೋಡುತ್ತಿದೆ. ಹಾಲಿನ ಲೋಟ ಹಿಡಿದು ಬಂದ ತಾಯಿ ಒಂದು ಕ್ಷಣ ಇಬ್ಬರು ಹುಡುಗಿಯರನ್ನೂ ನೋಡಿ, "ಏನೇ ಇದು, ಓದ್ತಾ ಇದ್ದೀಯೋ, ಹಾಡು ಕೇಳ್ತಾ ಕೂತಿದ್ದೀಯೋ?" ಎಂದು ಗದರಿದರೆ, "ಹಾಡು ಕೇಳ್ತಾ ಇಲ್ಲಮ್ಮ, ಓದ್ತಾ ಇದ್ದೀನಿ. ಇದು ಓದೋದಕ್ಕೇ ಅಂತ ಇರೋ ಹಾಡು" ಎಂಬ ಉತ್ತರ ತಟ್ಟನೆ ಬರುತ್ತದೆ.

ಓದುವುದಕ್ಕೆಂದೇ ಇರುವ ಹಾಡು! ತಾಯಿಗೆ ಇದು ನಗೆಪಾಟಲಾಗಿ ತೋರಬಹುದು. ಆದರೆ ಯೋಚಿಸಿ ನೋಡಿದರೆ ಕನ್ನಡದ ಮನೆಗಳಿಗೆ ಈ ಮಾತು ಅಷ್ಟೇನೂ ಹೊಸದಲ್ಲ. ಬೀಸುವುದಕ್ಕೆ ಬೀಸುವ ಹಾಡು, ಕುಟ್ಟುವುದಕ್ಕೆ ಕುಟ್ಟುವ ಹಾಡು, ಮಗುವನ್ನು ಮಲಗಿಸಲು ಜೋಗುಳ, ಹಸೆಯ ಮೇಲೆ ಕೂರಿಸಲು ಹಸೆಯ ಹಾಡು, ನಾಟಿಗೊಂದು, ಆರತಿಗೊಂದು. ಕೆಲಸದ ಬೇಸರವನ್ನು ಹಾಡಿನಿಂದ ಕಳೆಯುವ ಉಪಾಯವನ್ನು ಕಂಡುಹಿಡಿದವರು ಹೆಂಗಸರೇ. ಅಂದು ಬೀಸುವವಳು ತಾನೇ ಹಾಡುತ್ತಿದ್ದಳು. ಇಂದು ಬರೆಯುವವಳ ಪರವಾಗಿ ಬೇರೆ ಯಾರೋ ನುಡಿಸುತ್ತಾರೆ. ವ್ಯತ್ಯಾಸವಿರುವುದು ಅಷ್ಟರಲ್ಲಿ. ಆ 'ಬೇರೆ ಯಾರೋ' ಎಂಬುವರು ಯಾರು ಎಂಬುದೇ ಕೊಂಚ ನಿಂತು ವಿಚಾರಿಸಬೇಕಾದ ಸಂಗತಿ.

ಪರದೆಯ ಮೇಲಿನ ಹುಡುಗಿಗೆ 'ಲೋಫೈ ಗರ್ಲ್' ಎಂದು ಹೆಸರು. ಯೂಟ್ಯೂಬಿನಲ್ಲಿ ಹಗಲಿರುಳೂ ಸಂಗೀತ ಹರಿಸುವ ಒಂದು ವಾಹಿನಿಗೂ ಅದೇ ಹೆಸರು. ದಿಮಿತ್ರಿ ಎಂಬ ಫ್ರಾನ್ಸಿನ ತರುಣನೊಬ್ಬ 2015ರಲ್ಲಿ ಇದನ್ನು ಆರಂಭಿಸಿದಾಗ ಅದರ ಹೆಸರು 'ಚಿಲ್ಡ್‌ಕೌ' ಎಂದಿತ್ತು. 'ಆರಾಮವಾಗಿರುವ ಹಸು' ಎಂದು ಅದರ ಅರ್ಥವಿರಬೇಕು. ಎಡೆಬಿಡದ ನೇರ ಪ್ರಸಾರ 2017ರಲ್ಲಿ ಮೊದಲಾಯಿತು. ಆಗ ಪರದೆಯ ಮೇಲೆ ಜಪಾನಿನ ಪ್ರಸಿದ್ಧ ಘಿಬ್ಲಿ ಸ್ಟುಡಿಯೋದವರು 1995ರಲ್ಲಿ ತಯಾರಿಸಿದ 'ವಿಸ್ಪರ್ ಆಫ್ ದಿ ಹಾರ್ಟ್' ಎಂಬ ಚಿತ್ರದ ತುಣುಕೊಂದು ತಿರುಗುತ್ತಿತ್ತು. ಕಾದಂಬರಿ ಬರೆದೇ ತೀರುವೆನೆಂದು ಹಟ ತೊಟ್ಟ ಶಾಲಾಬಾಲಕಿಯೊಬ್ಬಳು ಆ ಚಿತ್ರದ ನಾಯಕಿ. ಹಕ್ಕಿನ ಪ್ರಶ್ನೆ ಎದ್ದು ಆ ತುಣುಕನ್ನು ತೆಗೆಯಬೇಕಾಗಿ ಬಂದಾಗ, ಲಿಯಾನ್ ನಗರದ ಕಲಾಶಾಲೆಯಲ್ಲಿ ಕಲಿತ ಕೊಲಂಬಿಯಾ ದೇಶದ ಹ್ವಾನ್ ಪಾಬ್ಲೊ ಮಚಾದೊ ಎಂಬ ಚಿತ್ರಕಾರನಿಂದ ಬೇರೊಬ್ಬ ಹುಡುಗಿಯನ್ನು ಬರೆಯಿಸಿದರು. ಅವಳ ಕಿಟಕಿಯಾಚೆ ಕಾಣುವುದು ಅದೇ ಲಿಯಾನ್ ನಗರದ ಕ್ರೂವಾ-ರೂಸ್ ಗುಡ್ಡದ ಮನೆಗಳು. 2018ರಲ್ಲಿ ಬರೆಯಲು ಕುಳಿತ ಈ ಹುಡುಗಿ ಒಂದು ಪರೀಕ್ಷೆಗಾದರೂ ಹಾಜರಾದದ್ದನ್ನು ಯಾರೂ ಕಂಡಿಲ್ಲ. 2021ರ ಮಾರ್ಚಿಯಲ್ಲಿ ಹಸು ಹೋಗಿ ವಾಹಿನಿಗೆ ಹುಡುಗಿಯ ಹೆಸರೇ ಬಂದಿತು.

ನಡುವೆ ಎರಡು ಸಲ ಪ್ರಸಾರ ನಿಂತದ್ದುಂಟು. 2020ರ ಫೆಬ್ರವರಿಯಲ್ಲಿ ಯೂಟ್ಯೂಬಿನವರ ಕೈತಪ್ಪಿನಿಂದ ನಿಂತಿತು. ಅಷ್ಟು ಹೊತ್ತಿಗೆ ಅದು 13,000 ಗಂಟೆಗಳಿಗೂ ಮೀರಿ ಒಂದೇ ಸಮನೆ ಹರಿದಿತ್ತು. ಎರಡನೆಯದು 2022ರ ಜುಲೈ ತಿಂಗಳಿನ ಮಾತು. ಎಲ್ಲಿಂದಲೋ ಬಂದ ಸುಳ್ಳು ದೂರೊಂದನ್ನು ನಂಬಿ ಪ್ರಸಾರವನ್ನು ಕತ್ತರಿಸಿದರು. ತಪ್ಪು ಎಂದು ಗೊತ್ತಾಗಿ ಎರಡೇ ದಿನಗಳಲ್ಲಿ ಹಿಂದಕ್ಕೆ ತಂದರು. ಅಂದಿಗೆ 20,843 ಗಂಟೆಗಳು ಸಂದಿದ್ದವು. ಎಂದರೆ ಎರಡು ವರ್ಷ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಒಂದೇ ಕಾರ್ಯಕ್ರಮ! ಅದನ್ನು ತೆರೆದು ನೋಡಿದ ಲೆಕ್ಕ 66 ಕೋಟಿಗೂ ಮಿಕ್ಕಿತ್ತು. ಅಖಂಡ ಭಜನೆ ಏರ್ಪಡಿಸುವವರಿಗೂ ಅಸೂಯೆ ಹುಟ್ಟಿಸುವ ಲೆಕ್ಕವಿದು. ಆ ಎರಡು ದಿನ ಜಗತ್ತಿನ ನಾನಾ ಕಡೆಯ ವಿದ್ಯಾರ್ಥಿಗಳು ಮನೆಯ ಹುಡುಗಿಯೇ ಕಾಣೆಯಾದಂತೆ ಗಾಬರಿಪಟ್ಟರು.

ಈ ಪ್ರೀತಿಗೆ ಕಾರಣವೇನು? ಇಲ್ಲಿ ನಿರೂಪಕರಿಲ್ಲ, ಮಾತಿಲ್ಲ, ಸಾಹಿತ್ಯವಿಲ್ಲ. ಎರಡು ಮೂರು ನಿಮಿಷಗಳ ವಾದ್ಯಗತಿಗಳು ಒಂದರ ಬೆನ್ನಿಗೊಂದು ಬರುತ್ತವೆ. ನಿಮಿಷಕ್ಕೆ ಎಪ್ಪತ್ತೆಂಬತ್ತು ಪೆಟ್ಟಿನ, ಎಂದರೆ ಶಾಂತವಾಗಿ ಕುಳಿತವನ ನಾಡಿಮಿಡಿತದಷ್ಟೇ ಸಾವಧಾನದ ಲಯ. ಅದರ ಮೇಲೆ ಪಿಯಾನೋದ ನಾಲ್ಕು ಸ್ವರಗಳು ಸುತ್ತಿ ಸುತ್ತಿ ಬರುತ್ತವೆ. ಯಾವಾಗ ಬಂದು ಸೇರಿದರೂ ತಡವಾಯಿತೆಂಬ ಅಳುಕಿಲ್ಲ, ಯಾವಾಗ ಎದ್ದು ಹೋದರೂ ಅಪಚಾರವಿಲ್ಲ. ಇವೆಲ್ಲ ಹೊರಗಿನ ಕಾರಣಗಳು.

ಒಳಗಿನ ಕಾರಣ ಬೇರೆ ಇದೆ. ಹಿಂದಿನ ತುಂಬಿದ ಮನೆಗಳಲ್ಲಿ ಪರೀಕ್ಷೆಗೆ ಓದುವ ಹುಡುಗನ ಪಕ್ಕದಲ್ಲಿ ಅಜ್ಜಿಯೊಬ್ಬಳು ಹೂಬತ್ತಿ ಹೊಸೆಯುತ್ತ ಕುಳಿತಿರುತ್ತಿದ್ದಳು. ಅವಳಿಗೆ ಬೀಜಗಣಿತ ತಿಳಿಯದು, ತಿಳಿಯಬೇಕಾಗಿಯೂ ಇರಲಿಲ್ಲ. ಹುಡುಗ ತೂಕಡಿಸಿದರೆ "ಏಳೋ ಮಗು, ಮುಖ ತೊಳ್ಕೊಂಡು ಬಾ" ಎನ್ನುವಳು. ಉಳಿದ ಹೊತ್ತಿನಲ್ಲಿ ಬಾಯಲ್ಲಿ ಯಾವುದೋ ದೇವರನಾಮವನ್ನು ಗುನುಗುವಳು. ಆ ಗುನುಗಿನಿಂದ ಓದಿಗೆ ಎಂದೂ ಅಡ್ಡಿಯಾಗಲಿಲ್ಲ. ತನ್ನೊಂದಿಗೆ ಮತ್ತೊಂದು ಜೀವ ಎಚ್ಚರವಾಗಿದೆ, ತನ್ನ ಕೆಲಸ ತಾನು ಮಾಡುತ್ತಿದೆ ಎಂಬ ಭರವಸೆ ಅದರಿಂದ ದೊರೆಯುತ್ತಿತ್ತು. ಇಂದು ಪ್ರತಿಯೊಂದು ಮಗುವಿಗೂ ಪ್ರತ್ಯೇಕ ಕೋಣೆ ದೊರೆತಿದೆ. ಅಜ್ಜಿ ಊರಿನಲ್ಲಿದ್ದಾಳೆ, ಇಲ್ಲವೇ ಗೋಡೆಯ ಮೇಲಿನ ಪಟದಲ್ಲಿದ್ದಾಳೆ. ಹೂಬತ್ತಿ ಹೊಸೆಯುವವಳ ಜಾಗದಲ್ಲಿ ಲಿಯಾನಿನ ಹುಡುಗಿ ಬಂದು ಕುಳಿತಿದ್ದಾಳೆ. 2020ರಲ್ಲಿ ಕೊರೋನಾ ಪಿಡುಗಿನ ದೆಸೆಯಿಂದ ಶಾಲಾ ಕಾಲೇಜುಗಳು ಮುಚ್ಚಿ, ಮಕ್ಕಳು ತಿಂಗಳುಗಟ್ಟಲೆ ಒಂಟಿಯಾಗಿ ಕೋಣೆ ಹಿಡಿದು ಕುಳಿತ ಕಾಲದಲ್ಲಿ ಅವಳ ನಂಟು ಇನ್ನೂ ಗಟ್ಟಿಯಾಯಿತು. ಆ ವರ್ಷವೇ ಬೇರೆ ಬೇರೆ ದೇಶಗಳ ಚಿತ್ರಕಾರರು ಅವಳನ್ನು ತಮ್ಮ ತಮ್ಮ ಊರಿನ ಕೋಣೆಗಳಲ್ಲಿ ಕೂರಿಸಿ ಚಿತ್ರ ಬರೆದರು. ಅವಳ ಉಡುಗೆ ಬದಲಾಯಿತು, ಕಿಟಕಿಯಾಚೆಯ ಊರು ಬದಲಾಯಿತು. ಅವಳು ಬರೆಯುವುದನ್ನು ಮಾತ್ರ ಬಿಡಲಿಲ್ಲ.

'ಲೋಫೈ' ಎಂಬ ಮಾತಿಗೆ ಕೆಳದರ್ಜೆಯ ಧ್ವನಿಮುದ್ರಣ ಎಂದು ಅರ್ಥ. ಹಳೆಯ ಗ್ರಾಮಫೋನ್ ಪ್ಲೇಟಿನ ಮೇಲೆ ಮುಳ್ಳು ಓಡುವಾಗ ಕೇಳಿಸುವ ಕರಕರ ಸದ್ದನ್ನು ಇಲ್ಲಿ ಬೇಕೆಂದೇ ಸೇರಿಸುತ್ತಾರೆ. ಅಜ್ಜಂದಿರ ಕಾಲದವರು ಪ್ಲೇಟನ್ನು ಮಖಮಲ್ಲಿನಿಂದ ಒರೆಸಿ, ಉಫ್ ಎಂದು ಊದಿ, ಯಾವ ಧೂಳನ್ನು ಓಡಿಸಲು ಪರದಾಡಿದರೋ ಅದೇ ಧೂಳಿನ ಸದ್ದನ್ನು ಮೊಮ್ಮಕ್ಕಳು ಹಣ ಕೊಟ್ಟು ತರಿಸಿಕೊಳ್ಳುತ್ತಿದ್ದಾರೆ. ಇದಕ್ಕೆ ಏನೆನ್ನಬೇಕು! ಹಳೆಯ ಕಾಲವನ್ನು ಕಾಣದವರಿಗೇ ಅದರ ಹಂಬಲ ಹೆಚ್ಚೆಂದು ತೋರುತ್ತದೆ.

ಈ ಶೈಲಿಗೆ ಹಿರಿಯರೆಂದು ಇಬ್ಬರನ್ನು ಹೆಸರಿಸುವುದು ವಾಡಿಕೆ. ಒಬ್ಬ ಅಮೆರಿಕದ ಡೆಟ್ರಾಯ್ಟ್ ನಗರದ ಜೇಮ್ಸ್ ಯಾನ್ಸಿ. ಜೆ ಡಿಲ್ಲಾ ಎಂಬುದು ಅವನ ಬಿರುದಿನ ಹೆಸರು. ಇನ್ನೊಬ್ಬ ಜಪಾನಿನ ಸೆಬಾ ಜುನ್. ವಿಚಿತ್ರವೆಂದರೆ ಇಬ್ಬರೂ ಹುಟ್ಟಿದ್ದು ಒಂದೇ ದಿನ, 1974ರ ಫೆಬ್ರವರಿ 7ರಂದು. ಇಬ್ಬರ ಆಯುಷ್ಯವೂ ದೀರ್ಘವಾಗಲಿಲ್ಲ. ಡಿಲ್ಲಾನ ಕೈಚಳಕ ಲಯದಲ್ಲಿತ್ತು. ತಾಳಯಂತ್ರ ತಾನಾಗಿ ಪೆಟ್ಟುಗಳನ್ನು ನೇರಮಾಡಲು ಹೊರಟರೆ ಅವನು ಅದಕ್ಕೆ ಎಡೆಗೊಡದೆ ಬೆರಳಿನಿಂದಲೇ ಬಾರಿಸುತ್ತಿದ್ದ. ತಾಳ ತಪ್ಪಿತು ಎನ್ನುವಷ್ಟರಲ್ಲಿ ಪೆಟ್ಟು ಬಂದು ಸೇರುತ್ತಿತ್ತು. ಒಳ್ಳೆಯ ಮೃದಂಗದವರು ಎಳೆದು ನುಡಿಸುವ ಸುಖವನ್ನು ಬಲ್ಲವರಿಗೆ ಇದು ಒಡನೆ ಅರ್ಥವಾದೀತು. ರಕ್ತದ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಮೇಲೂ ಹಾಸಿಗೆಯ ಬಳಿ ಸಲಕರಣೆ ಇಟ್ಟುಕೊಂಡು ದುಡಿದ ಅವನ 'ಡೋನಟ್ಸ್' ಎಂಬ ಧ್ವನಿಮುದ್ರಿಕೆ 2006ರಲ್ಲಿ ಅವನ ಮೂವತ್ತೆರಡನೆಯ ಹುಟ್ಟುಹಬ್ಬದ ದಿನ ಹೊರಬಂದಿತು. ಮೂರು ದಿನಗಳ ಮೇಲೆ ಅವನು ತೀರಿಕೊಂಡ. ಅವನು ಬೆರಳಾಡಿಸಿದ ಯಂತ್ರವೊಂದನ್ನು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗೆ ಇಟ್ಟಿದ್ದಾರೆ. ಸೆಬಾ ಜುನ್ 2010ರಲ್ಲಿ ಟೋಕಿಯೋದಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ ಮಡಿದ. ಅವನು ತನ್ನ ಹೆಸರಿನ ರೋಮನ್ ಅಕ್ಷರಗಳನ್ನು ಹಿಂದುಮುಂದಾಗಿಸಿ 'ನುಜಾಬೆಸ್' ಎಂದು ಕರೆದುಕೊಂಡಿದ್ದ. ತಿರುಗಿಸಿ ಬರೆದರೂ ಅದು ಅವನ ಹೆಸರೇ.

ಹೆಸರಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಈ ಬಗೆಯ ವಾಹಿನಿಗಳ ಅಭಿಮಾನಿಗಳು ಹೇಳುವುದು ಹೀಗೆ: ದೊಡ್ಡ ಕಂಪನಿಗಳ ಬಾಗಿಲು ಬಡಿದು ಬಡಿದು ಬೇಸತ್ತ ತರುಣರಿಗೆ ಇಂಥ ವಾಹಿನಿ ಒಂದು ವರದಾನ. ಮಲಗುವ ಕೋಣೆಯಲ್ಲೇ ಕುಳಿತು ಒಂದು ಗಣಕಯಂತ್ರ, ಒಂದು ಪುಟ್ಟ ಕೀಲಿಮಣೆಗಳಿಂದ ರಚಿಸಿದ ಗತಿಯೊಂದು ವಾಹಿನಿಯವರ ಮನಸ್ಸಿಗೆ ಬಂದರೆ, ಒಂದು ಕೋಟಿಗೂ ಮೀರಿದ ಚಂದಾದಾರರ ಕಿವಿಗೆ ಅದು ತಲಪುತ್ತದೆ. ಈ ವಾಹಿನಿಯವರು ತಾವೇ ಧ್ವನಿಮುದ್ರಣ ಸಂಸ್ಥೆಯೊಂದನ್ನು ಕಟ್ಟಿ, ಇಂಥ ತರುಣರ ರಚನೆಗಳನ್ನು ಸಂಕಲಿಸಿ ಹೊರತರುತ್ತಾರೆ. ಪ್ರಸಾರದ ಹೊತ್ತಿನಲ್ಲಿ ಪರದೆಯ ಮೂಲೆಯಲ್ಲಿ ರಚನೆಯ ಹೆಸರು, ರಚಿಸಿದವರ ಹೆಸರು ಎರಡನ್ನೂ ಕಾಣಿಸುತ್ತಾರೆ. ಇದೆಲ್ಲ ನಿಜ, ಅವರ ನಡತೆಯಲ್ಲಿ ಕುಂದೆಣಿಸುವಂತಿಲ್ಲ.

ಆದರೆ ಆ ಮೂಲೆಯನ್ನು ನೋಡುವವರು ಯಾರು? ಓದುವವಳ ಕಣ್ಣು ಪುಸ್ತಕದ ಮೇಲಿದೆ, ಇರಬೇಕಾದದ್ದೂ ಅಲ್ಲಿಯೇ. ಅವಳು ತಲೆಯೆತ್ತಿ "ಆಹಾ, ಇದನ್ನು ನುಡಿಸಿದವರು ಯಾರು?" ಎಂದು ಕೇಳಿದ ಕ್ಷಣವೇ ಆ ಸಂಗೀತ ತನ್ನ ಕೆಲಸದಲ್ಲಿ ಸೋತಂತೆ. ಗಮನ ಸೆಳೆಯದಿರುವುದೇ ಅದರ ಗುಣ. ಒಳ್ಳೆಯ ಅಡಿಗೆಯವನು ತನ್ನ ಅಡಿಗೆ ರುಚಿಸಿತೆಂಬುದನ್ನು ಉಣ್ಣುವವರು ಮರೆಯಲಿ ಎಂದು ಹಾರೈಸಿಕೊಂಡು ಅಡಿಗೆ ಮಾಡಬೇಕಾಗಿ ಬಂದರೆ ಹೇಗಿದ್ದೀತು?

ಇದಕ್ಕೆ ಹತ್ತಿರವಾದ ನೋಟವೊಂದು ನಗರದ ಕಲ್ಯಾಣಮಂಟಪಗಳಲ್ಲಿ ದಿನವೂ ಸಿಗುತ್ತದೆ. ಆರತಕ್ಷತೆಯ ಸಂಜೆ ವೇದಿಕೆಯ ಒಂದು ಮೂಲೆಯಲ್ಲಿ ವಿದ್ವಾಂಸರೊಬ್ಬರು ಕಲ್ಯಾಣಿಯನ್ನು ವಿಸ್ತರಿಸುತ್ತಿರುತ್ತಾರೆ. ಬಂದವರು ಉಡುಗೊರೆ ಕೊಡುವ ಸಾಲಿನಲ್ಲಿ ನಿಂತು ಸೀರೆಯ ಅಂಚು, ಜಮೀನಿನ ದರಗಳನ್ನು ಚರ್ಚಿಸುತ್ತಾರೆ. ಊಟದ ಎಲೆ ಹಾಕಿದರೆಂಬ ಸುದ್ದಿ ಬಂದೊಡನೆ ಇಡೀ ಸಭೆ ಎದ್ದು ಹೊರಡುತ್ತದೆ. ವಿದ್ವಾಂಸರು ಖಾಲಿ ಕುರ್ಚಿಗಳಿಗೆ ಮಂಗಳ ಹಾಡುತ್ತಾರೆ. ಇದು ನೋಯಿಸುವ ನೋಟವೇ ಸರಿ. ಹಾಗಿದ್ದರೂ ಆ ವಿದ್ವಾಂಸರ ಹೆಸರು ಲಗ್ನಪತ್ರಿಕೆಯ ಕೆಳಗಡೆಯಲ್ಲಾದರೂ ಅಚ್ಚಾಗಿರುತ್ತದೆ. ಅವರು ಅಲ್ಲಿಯೇ ಮೈವೆತ್ತು ಕುಳಿತಿರುತ್ತಾರೆ. ಸಭೆಯಲ್ಲಿ ಒಬ್ಬ ಮುದುಕರಾದರೂ ಕೊನೆಯ ಸಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ. ಕೋಣೆಯಲ್ಲಿ ಒಬ್ಬಂಟಿಯಾಗಿ ಗತಿ ಕಟ್ಟುವ ಲೋಫೈ ತರುಣನಿಗೆ ಆ ಮುದುಕರು ಕೂಡ ಇಲ್ಲ. ಅವನ ಸಂಗೀತವನ್ನು ಕೋಟಿ ಜನ ಕೇಳಿದ್ದಾರೆ, ಅವನನ್ನು ಬಲ್ಲವರು ಬೆರಳೆಣಿಕೆ. ಜನಕ್ಕೆ ಗೊತ್ತಿರುವುದು ಚಿತ್ರದ ಹುಡುಗಿ. ಅವಳಾದರೋ ಒಂದು ಸ್ವರವನ್ನೂ ನುಡಿಸಿದವಳಲ್ಲ.

ಕನ್ನಡದ ಹಾಡಿನಲ್ಲಿ ಈ ತೊಡಕಿಗೆ ಹಿಂದೆಯೇ ಒಂದು ಪರಿಹಾರವಿತ್ತು. ವಚನಕಾರರಾಗಲಿ ದಾಸರಾಗಲಿ ಕೊನೆಯಲ್ಲಿ ಅಂಕಿತವಿಡದೆ ಬಿಡುತ್ತಿರಲಿಲ್ಲ. ಕೂಡಲಸಂಗಮದೇವ ಎಂದೊಡನೆ ಬಸವಣ್ಣ, ಪುರಂದರವಿಠಲ ಎಂದೊಡನೆ ಪುರಂದರದಾಸರು. ಅವರು ಬರೆದದ್ದು ದೇವರ ಹೆಸರನ್ನು; ಉಳಿದದ್ದು ಅವರ ಹೆಸರೂ ಹೌದು. ಹಾಡು ಎಷ್ಟು ಬಾಯಿ ದಾಟಿದರೂ, ಎಷ್ಟು ಊರು ಸುತ್ತಿದರೂ ಕರ್ತೃವಿನ ಗುರುತು ಹಾಡಿನ ಮೈಯಲ್ಲೇ ಹೊಲಿದುಕೊಂಡಿರುತ್ತಿತ್ತು. ಸಾಹಿತ್ಯವೇ ಇಲ್ಲದ ಗತಿಯಲ್ಲಿ ಅಂಕಿತವನ್ನು ಎಲ್ಲಿ ಹೊಲಿಯುವುದು?

ಯಂತ್ರಗಳ ಕಾಲ ಬಂದಾಗಲೂ ಮೊದಮೊದಲಿನ ಕಲಾವಿದರು ಎಚ್ಚರ ತಪ್ಪಲಿಲ್ಲ. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯವರ ಕೊಳವೆಯ ಮುಂದೆ ನಿಂತು ಹಾಡಿದ ಗೌಹರ್ ಜಾನ್, ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಸಾರಿದಳು. ಪ್ಲೇಟುಗಳು ಅಚ್ಚಾಗಬೇಕಾದದ್ದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ತಿಳಿಯಬೇಕಲ್ಲ, ಅದಕ್ಕಾಗಿ ಈ ಏರ್ಪಾಡು. ಕಾರಣ ಕೇವಲ ಕಾರಖಾನೆಯದು. ಆದರೂ ಮೂರು ನಿಮಿಷಗಳ ಆ ಹಾಡಿನ ತುದಿಯಲ್ಲಿ ಠೀವಿಯಿಂದ ಮೊಳಗುವ ಆ ಹೆಸರು ನೂರಿಪ್ಪತ್ತು ವರ್ಷಗಳ ಧೂಳನ್ನು ಸೀಳಿಕೊಂಡು ಇಂದಿಗೂ ಕೇಳುತ್ತದೆ. ಆ ಧೂಳು ಯಾರೂ ಬೇಕೆಂದು ಬೆರೆಸಿದ್ದಲ್ಲ. ಐಶ್ವರ್ಯವನ್ನೂ ಅದರ ನಾಶವನ್ನೂ ಕಂಡ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಶ್ರಯ ಪಡೆದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಮುಚ್ಚಿದಳು.

ಅವಳ ನಂತರದ ಒಂದು ಪ್ರಸಂಗವೂ ಸ್ವಾರಸ್ಯವಾದದ್ದು. 1949ರಲ್ಲಿ ಹೊರಬಂದ 'ಮಹಲ್' ಎಂಬ ಹಿಂದಿ ಚಿತ್ರದ ಹಾಡೊಂದು ದೇಶವನ್ನೆಲ್ಲ ಮರುಳುಮಾಡಿತು. ಪ್ಲೇಟಿನ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ಅಚ್ಚಾಗಿದ್ದುದು 'ಕಾಮಿನಿ' ಎಂದು. ಅದು ಕಥೆಯಲ್ಲಿನ ಪಾತ್ರದ ಹೆಸರು! ಕೇಳುಗರು ಸುಮ್ಮನಿರಲಿಲ್ಲ. ಹಾಡಿದವರು ನಿಜವಾಗಿ ಯಾರೆಂದು ಕೇಳಿ ರೇಡಿಯೋ ನಿಲಯಗಳಿಗೆ ಪತ್ರಗಳ ಮೇಲೆ ಪತ್ರ ಬರೆದರು. ಕೊನೆಗೆ ಕಂಪನಿಯವರಿಂದ ವಿಚಾರಿಸಿ ತಿಳಿದು ಹೆಸರನ್ನು ಪ್ರಕಟಿಸಬೇಕಾಯಿತು. ಆ ಹೆಸರು ಲತಾ ಮಂಗೇಶ್ಕರ್. ಪಾತ್ರದ ಹಿಂದೆ ಅಡಗಿದ್ದ ಹುಡುಗಿಯೊಬ್ಬಳನ್ನು ಕೇಳುಗರ ಕುತೂಹಲವೇ ಹೊರಗೆಳೆಯಿತು. ಇಂದು ಚಿತ್ರದ ಹುಡುಗಿಯ ಹಿಂದೆ ಅಡಗಿರುವವರ ವಿಷಯದಲ್ಲಿ ಅಂಥ ಕುತೂಹಲವೇ ಮೊಳೆಯದಂತೆ ಸಂಗೀತವನ್ನು ಹದಮಾಡಲಾಗಿದೆ.

1957ರಲ್ಲಿ ವಿವಿಧ ಭಾರತಿ ಆರಂಭವಾದ ಮೇಲಂತೂ ಹೆಸರುಗಳ ಸುಗ್ಗಿ. ಚಿತ್ರದ ಹೆಸರು, ಹಾಡಿದವರು, ಬರೆದವರು, ರಾಗ ಹಾಕಿದವರು ಎಲ್ಲರನ್ನೂ ಹೇಳಿದ ಮೇಲೆಯೇ ಹಾಡು. ಅಷ್ಟೇಕೆ, ಹಾಡನ್ನು ಬಯಸಿ ಕಾರ್ಡು ಬರೆದವರ ಹೆಸರನ್ನೂ ಓದುತ್ತಿದ್ದರು. ಝುಮ್ರಿ ತಿಲೈಯಾ ಎಂಬ ಊರು ಎಲ್ಲಿದೆಯೆಂದು ತಿಳಿಯದವರಿಗೂ ಆ ಊರಿನ ಹೆಸರು ಬಾಯಿಪಾಠವಾಗಿತ್ತು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ 'ನಿತ್ಯೋತ್ಸವ' 1978ರಲ್ಲಿ ಬಂದಾಗ, ಕವಿ ನಿಸಾರ್ ಅಹಮದರ ಹೆಸರೂ ರಾಗ ಸಂಯೋಜಿಸಿದ ಮೈಸೂರು ಅನಂತಸ್ವಾಮಿಯವರ ಹೆಸರೂ ಹಾಡಿನ ಜೊತೆಗೇ ಮನೆಮನೆಗೆ ಹೋದವು. ರೇಡಿಯೋದ ಸಂಗೀತವೂ ಹಿನ್ನೆಲೆಯ ಸಂಗೀತವೇ ಆಗಿತ್ತೆಂಬುದನ್ನು ಮರೆಯಬಾರದು. ಅಮ್ಮಂದಿರು ಒಗ್ಗರಣೆ ಹಾಕುತ್ತಲೇ ಕೇಳಿದರು. ಆದರೂ ನಡುನಡುವೆ ಒಂದು ಧ್ವನಿ ಬಂದು, ಇದು ಇಂಥವರದು ಎಂದು ಹೇಳಿ ಹೋಗುತ್ತಿತ್ತು.

ಹೆಸರು ಮರೆಯಾದರೆ ಆಗುವ ನಷ್ಟವೇನು ಎಂದು ಕೇಳುವವರಿಗೆ ಸ್ವೀಡನ್ನಿನ ಒಂದು ಸಂಗತಿಯನ್ನು ಹೇಳಬೇಕು. ಆ ದೇಶದ್ದೇ ಆದ ಸ್ಪಾಟಿಫೈ ಎಂಬ ಸಂಗೀತ ಸಂಸ್ಥೆಯಲ್ಲಿ 'ಓದಿಗೆ', 'ನಿದ್ರೆಗೆ', 'ಶಾಂತಿಗೆ' ಎಂದು ಸಂಗೀತವನ್ನು ಪೊಟ್ಟಣ ಕಟ್ಟಿಡುವ ಪದ್ಧತಿಯಿದೆ. 2024ರ ಮಾರ್ಚಿಯಲ್ಲಿ ಅಲ್ಲಿಯ 'ಡಾಗೆನ್ಸ್ ನ್ಯೂಹೇಟರ್' ಪತ್ರಿಕೆ ಪ್ರಕಟಿಸಿದ ವರದಿಯಂತೆ, ಯೊಹಾನ್ ರೋರ್ ಎಂಬ ಒಬ್ಬನೇ ಸಂಯೋಜಕ 650ಕ್ಕೂ ಹೆಚ್ಚು ಬೇರೆ ಬೇರೆ ಹೆಸರುಗಳಲ್ಲಿ 2,700ಕ್ಕೂ ಮಿಕ್ಕಿದ ಗತಿಗಳನ್ನು ಅಲ್ಲಿ ಏರಿಸಿದ್ದ. ಅವುಗಳನ್ನು ಒಟ್ಟು 1,500 ಕೋಟಿ ಸಲ ಜನ ಕೇಳಿದ್ದರು. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ಕನ್ನಡದವರಿಗೆ ಕಾವ್ಯನಾಮ ಹೊಸದೂ ಅಲ್ಲ. ಮಾಸ್ತಿಯವರು 'ಶ್ರೀನಿವಾಸ'ರಾದರು, ಬೇಂದ್ರೆಯವರು 'ಅಂಬಿಕಾತನಯದತ್ತ'ರಾದರು. ಆದರೆ ಒಂದು ಕಾವ್ಯನಾಮವನ್ನಿಡುವುದು ಬೇರೆ, ಆರುನೂರೈವತ್ತನ್ನಿಡುವುದು ಬೇರೆ. ಮೊದಲನೆಯದರಲ್ಲಿ ಕವಿ ತನ್ನ ಬರಹಕ್ಕೆ ಹೊಣೆ ಹೊರುತ್ತಾನೆ. ಎರಡನೆಯದರಲ್ಲಿ ಹೆಸರು ಗೋದಾಮಿನ ಮೂಟೆಯ ಮೇಲಿನ ಗುರುತಿನಂತೆ. ಓದುವ ಹುಡುಗಿಗೆ ಆರುನೂರು ಜನರ ಒಡನಾಟ ಸಿಕ್ಕಿತೆಂಬ ಭ್ರಮೆ. ಹೊಸದಾಗಿ ಬಂದ ಆರುನೂರು ಜನರಿಗೆ ಸಿಗಬಹುದಾಗಿದ್ದ ಜಾಗ ಒಬ್ಬನ ಪಾಲು. ಅದೇ ಸಂಸ್ಥೆಯಲ್ಲಿ 2024ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಗೌರವಧನವಿಲ್ಲ. ಹೆಸರಿಲ್ಲದವನಿಗೆ ಆ ಸಾವಿರ ಕಿವಿಗಳನ್ನು ಕೂಡಿಸಿ ಕೊಡುವವರು ಯಾರು?

ಹಾಗೆಂದು ಅಂತರ್ಜಾಲದ ವಾಹಿನಿಗಳೆಲ್ಲ ಕಲಾವಿದನನ್ನು ಪರದೆಯ ಹಿಂದಕ್ಕೆ ಸರಿಸುತ್ತವೆಂದು ಹೇಳಿದರೆ ಅನ್ಯಾಯವಾದೀತು. ಅವನ ಮುಖವನ್ನೇ ಬಂಡವಾಳ ಮಾಡಿಕೊಂಡು, ಅಷ್ಟೇ ತರುಣ ಜನವನ್ನು ಗೆದ್ದ ಇನ್ನೊಂದು ಮಾದರಿಯೂ ಇದೆ. 2008ರ ಮಾರ್ಚಿಯಲ್ಲಿ ಅಮೆರಿಕದ ಆಸ್ಟಿನ್ ಎಂಬ ಊರಿನ ಸಂಗೀತೋತ್ಸವದಲ್ಲಿ ಲಾರಾ ಗಿಬ್ಸನ್ ಎಂಬ ಗಾಯಕಿ ಪಾನಗೃಹವೊಂದರಲ್ಲಿ ಮೆಲುದನಿಯಲ್ಲಿ ಹಾಡುತ್ತಿದ್ದಳು. ಸುತ್ತಲಿನ ಗದ್ದಲದಲ್ಲಿ ಅವಳ ಹಾಡು ಯಾರಿಗೂ ಕೇಳಿಸಲಿಲ್ಲ. ಕೇಳಲು ಹೋಗಿದ್ದವರು ಆ ದೇಶದ ಸಾರ್ವಜನಿಕ ರೇಡಿಯೋದ ಬಾಬ್ ಬಾಯ್ಲನ್, ಸ್ಟೀಫನ್ ಥಾಮ್ಸನ್ ಎಂಬ ಇಬ್ಬರು. ಇದಕ್ಕಿಂತ ನಮ್ಮ ಆಫೀಸಿಗೇ ಬಂದು ಬಾಬ್‌ನ ಮೇಜಿನ ಹತ್ತಿರ ಹಾಡಿದರೆ ವಾಸಿ ಎಂದು ಥಾಮ್ಸನ್ ತಮಾಷೆಗೆಂದ. ಕೆಲವೇ ವಾರಗಳಲ್ಲಿ ಅವಳು ನಿಜವಾಗಿಯೂ ವಾಷಿಂಗ್ಟನ್ನಿಗೆ ಬಂದು, ಆ ಮೇಜಿನ ಹಿಂದೆ ಕುಳಿತು ಹಾಡಿದಳು. 'ಟೈನಿ ಡೆಸ್ಕ್' ಎಂಬ ಕಚೇರಿಗಳ ಮಾಲೆ ಹುಟ್ಟಿದ್ದು ಹೀಗೆ. ಕಚೇರಿ ಎಂಬ ಮಾತು ಇಲ್ಲಿ ಎರಡರ್ಥದಲ್ಲಿಯೂ ಸಲ್ಲುತ್ತದೆ.

ಅಲ್ಲಿ ವೇದಿಕೆಯಿಲ್ಲ, ಬಣ್ಣದ ದೀಪಗಳಿಲ್ಲ. ಹಿಂದೆ ಪುಸ್ತಕಗಳ, ಗೊಂಬೆಗಳ, ಹಾಳುಮೂಳು ಸಾಮಾನುಗಳ ಬಡು; ಮುಂದೆ ಕೆಲಸ ಬಿಟ್ಟು ಬಂದು ನಿಂತ ಗುಮಾಸ್ತರು. ಗಾಯಕನ ದನಿಯನ್ನು ಆ ಕೋಣೆಯಲ್ಲಿ ಯಂತ್ರದಿಂದ ಹಿಗ್ಗಿಸುವುದಿಲ್ಲವಾದ್ದರಿಂದ ವಾದ್ಯದವರು ತಗ್ಗಿ ನುಡಿಸಲೇಬೇಕು. ಸಾಮಾನ್ಯವಾಗಿ ಇಪ್ಪತ್ತು ನಿಮಿಷಗಳೊಳಗಿನ ಹಾಡುಗಾರಿಕೆ. ಹಳೆಯ ಮೈಸೂರಿನ ಮನೆಗಳ ನಡುಮನೆಯಲ್ಲಿ ಜಮಖಾನೆ ಹಾಸಿ ನಡೆಸುತ್ತಿದ್ದ ಬೈಠಕ್ಕುಗಳನ್ನು ಕಂಡವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. 2014ರಲ್ಲಿ ಟಿ-ಪೇನ್ ಎಂಬ ಗಾಯಕ ಅಲ್ಲಿಗೆ ಬಂದ. ದನಿಯನ್ನು ತಿದ್ದುವ ಯಂತ್ರವನ್ನೇ ತನ್ನ ಗುರುತಾಗಿಸಿಕೊಂಡು ಹೆಸರು ಮಾಡಿದವನು ಅವನು. ಅವನಿಗೆ ಸ್ವಂತ ಕಂಠವೇ ಇಲ್ಲವೆಂದು ಆಡಿಕೊಳ್ಳುತ್ತಿದ್ದವರೂ ಇದ್ದರು. ಆ ಮೇಜಿನ ಹಿಂದೆ ಕೇವಲ ಒಂದು ಕೀಲಿಮಣೆಯ ಜೊತೆಗೆ ಅವನು ಬರಿಗಂಠದಿಂದ ಹಾಡಿದಾಗ, ಇಷ್ಟು ದಿನ ಯಂತ್ರದ ಹಿಂದೆ ಎಂಥ ಗಾಯಕ ಕುಳಿತಿದ್ದನೆಂದು ಜನ ಬೆರಗಾದರು. ಹದಿಹರೆಯದವರು ಅದನ್ನು ಮತ್ತೆ ಮತ್ತೆ ಕೇಳಿದರು. ತರುಣರಿಗೆ ಥಳುಕೇ ಬೇಕು, ಹಿನ್ನೆಲೆಯ ಗುನುಗೇ ಸಾಕು ಎಂಬ ಮಾತನ್ನು ಇದಾದ ಮೇಲೆ ಯಾರೂ ಗಟ್ಟಿಯಾಗಿ ಆಡುವಂತಿಲ್ಲ.

ಹೆಸರಿಲ್ಲದವರಿಗಾಗಿ ಆ ವಾಹಿನಿಯವರು ಒಂದು ಸ್ಪರ್ಧೆಯನ್ನೂ ಏರ್ಪಡಿಸಿದರು. ಯಾವ ಕಂಪನಿಯ ಒಪ್ಪಂದವೂ ಇಲ್ಲದವರು ಯಾವುದಾದರೊಂದು ಮೇಜಿನ ಹತ್ತಿರ ಹಾಡಿ ಚಿತ್ರ ತೆಗೆದು ಕಳಿಸಬಹುದು. 2015ರಲ್ಲಿ ಗೆದ್ದವನು ಓಕ್‌ಲ್ಯಾಂಡಿನ ಬೀದಿಗಳಲ್ಲಿ ಹಾಡುತ್ತಿದ್ದ 'ಫೆಂಟಾಸ್ಟಿಕ್ ನೆಗ್ರೀಟೊ'. ಹಿಂದೊಮ್ಮೆ ದೊಡ್ಡ ಕಂಪನಿಯ ಕೈಹಿಡಿದು ಸೋತು, ಆಮೇಲೆ ಅಪಘಾತದಲ್ಲಿ ಮೂರು ವಾರ ಪ್ರಜ್ಞೆಯಿಲ್ಲದೆ ಮಲಗಿ, ಕೈ ಜಖಂ ಮಾಡಿಕೊಂಡು ಸಂಗೀತವನ್ನೇ ತೊರೆದಿದ್ದವನು; 2017ರಲ್ಲಿ ಅವನಿಗೆ ಗ್ರ್ಯಾಮಿ ಪ್ರಶಸ್ತಿ ಬಂದಿತು.

ಮರುವರ್ಷ, 2016ರಲ್ಲಿ, ಸಾವಿರಾರು ಜನರ ನಡುವೆ ಆಯ್ಕೆಯಾದವಳು ಮಿನಿಸೋಟ ಪ್ರಾಂತದ ಡಲೂತ್ ಎಂಬ ಊರಿನ ಗೇಲಿನ್ ಲೀ. ಹುಟ್ಟಿದಂದಿನಿಂದ ಎಲುಬುಗಳು ಗಾಜಿನಂತೆ ಮುರಿಯುವ ವ್ಯಾಧಿ, ಗಾಲಿಕುರ್ಚಿಯೇ ಗತಿ. ಪಿಟೀಲನ್ನು ಹೆಗಲಿಗೇರಿಸಲಾಗದ್ದರಿಂದ ಅದನ್ನು ಮುಂದೆ ನೆಟ್ಟಗೆ ನಿಲ್ಲಿಸಿಕೊಂಡು, ಬೇರೆಯೇ ಒಂದು ರೀತಿಯಲ್ಲಿ ಕಮಾನು ಹಿಡಿದು ನುಡಿಸುವುದನ್ನು ಬಾಲ್ಯದಲ್ಲೇ ಕಲಿತವಳು. ಅವಳ ಹಾಡು ಕೇಳುವಾಗ ಪುಸ್ತಕದ ಮೇಲೆ ಕಣ್ಣಿಟ್ಟು ಬರೆಯುತ್ತಿರುವುದು ಸಾಧ್ಯವಿಲ್ಲ. ಕೈಯಲ್ಲಿನ ಲೇಖನಿ ತಾನಾಗಿ ನಿಲ್ಲುತ್ತದೆ. 2022ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಮೇಲೆ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಆಡಿದಾಗ ಅದಕ್ಕೆ ಸಂಗೀತವನ್ನು ರಚಿಸಿಕೊಟ್ಟವಳು ಅವಳೇ.